ಹೊಯ್ಸಳ ಶಿಲ್ಪಿಗಳ ಅಂಕಿತಗಳು: ‘ಮ’ ಎಂಬ ಒಂದಕ್ಷರದ ಸಮಸ್ಯೆ

ನಮ್ಮ ಪ್ರಾಚೀನ ಶಿಲ್ಪಿಗಳು ತಮ್ಮ ಹೆಸರನ್ನು ಮರೆಸಿಕೊಂಡು ಕೆಲಸ ಮಾಡಿದವರೆಂಬ ಮಾತು ಪಠ್ಯಪುಸ್ತಕಗಳಲ್ಲಿ ಪದೇ ಪದೇ ಬರುತ್ತದೆ. ಹೊಯ್ಸಳರ ದೇವಾಲಯಗಳ ಮಟ್ಟಿಗೆ ಈ ಮಾತು ನಿಲ್ಲದು. ಬೇಲೂರಿನಲ್ಲಿ 1117ರಲ್ಲಿ ಪ್ರತಿಷ್ಠಿತವಾದ ಚೆನ್ನಕೇಶವ ದೇವಾಲಯದ ಮದನಿಕೆಯರ ಪೀಠಗಳ ಮೇಲೆ ಬಳ್ಳಿಗಾವೆಯ ದಾಸೋಜ ಮತ್ತು ಆತನ ಮಗ ಚಾವಣನ ಹೆಸರುಗಳು ಇಂದಿಗೂ ಓದಲು ದೊರೆಯುತ್ತವೆ. ಬಳಪದ ಕಲ್ಲು ಮೃದುವಾದುದು. ಸಣ್ಣ ಉಳಿಯಿಂದ ನಾಲ್ಕಾರು ಅಕ್ಷರಗಳನ್ನು ಕೊರೆಯುವುದು ಶಿಲ್ಪಿಗೆ ಪ್ರಯಾಸದ ಕೆಲಸವೇನಲ್ಲ. ಆದರೆ ಹೆಸರು ದೊರೆತೊಡನೆ ವ್ಯಕ್ತಿ ದೊರೆತನೆಂದು ಭಾವಿಸುವುದು ಎಷ್ಟರಮಟ್ಟಿಗೆ ಸರಿ? ಈ ಪ್ರಶ್ನೆಯನ್ನು ಹೊಯ್ಸಳ ರೂವಾರಿಗಳಲ್ಲಿ ಅತ್ಯಂತ ಪ್ರಸಿದ್ಧನಾದ ಮಲ್ಲಿತಮ್ಮನ ವಿಷಯದಲ್ಲಿ ಇಲ್ಲಿ ಪರಿಶೀಲಿಸುತ್ತೇವೆ.

ಕರ್ತೃವಿನ ಗುರುತನ್ನು ಶೋಧಿಸುವ ಕ್ರಮವು ಬೇರೊಂದು ದೇಶದಲ್ಲಿ, ಬೇರೊಂದು ಕಸುಬಿಗೆ ಸಂಬಂಧಿಸಿದಂತೆ, ಚೆನ್ನಾಗಿ ಬೆಳೆದಿದೆ. ಸ್ಕಾಟ್ಲೆಂಡಿನ ಅಕ್ಕಸಾಲಿಗರು ಬೆಳ್ಳಿಯ ಪಾತ್ರೆಗಳ ಮೇಲೆ ತಮ್ಮ ಹೆಸರಿನ ಮೊದಲಕ್ಷರಗಳನ್ನು ಒತ್ತುತ್ತಿದ್ದರು. ರಾಜಧಾನಿಯಾದ ಎಡಿನ್‌ಬರೋದಲ್ಲಿ 1681ರಿಂದ ವರ್ಷವನ್ನು ಸೂಚಿಸುವ ಅಕ್ಷರವೂ ಇದ್ದುದರಿಂದ ಕಾಲನಿರ್ಣಯ ಸುಲಭ. ಅಬರ್ಡೀನ್, ಡಂಡೀ, ಇನ್ವರ್ನೆಸ್ ಮೊದಲಾದ ಊರುಗಳ ಸ್ಥಿತಿ ಬೇರೆ. ಅಲ್ಲಿ ಕರ್ತೃವಿನ ಅಕ್ಷರಗಳ ಜೊತೆಗೆ ಹೆಚ್ಚೆಂದರೆ ಊರಿನ ಮುದ್ರೆ ಇರುತ್ತಿತ್ತು. ಡಂಡೀಯದು ಲಿಲ್ಲಿ ಹೂಗಳ ಕುಂಡ. ಒಂದೇ ಅಕ್ಷರಗಳು ಎರಡು ಊರುಗಳಲ್ಲಿ, ಅಥವಾ ಒಂದೇ ಊರಿನಲ್ಲಿ ತಂದೆಗೂ ಮಗನಿಗೂ ಸಲ್ಲಬಹುದು. ಆದಕಾರಣ ಅಲ್ಲಿನ ವಿದ್ವಾಂಸರು ಅಕ್ಷರವನ್ನು ಮಾತ್ರ ನಂಬದೆ, ಮುದ್ರೆಯ ಆಕಾರವನ್ನೂ ಕುಶಲಕರ್ಮಿಗಳ ಸಂಘದ ದಫ್ತರಗಳನ್ನೂ ಕೂಡಿಸಿ ನೋಡುತ್ತಾರೆ. ನಮ್ಮಲ್ಲಿ ಅಂತಹ ದಫ್ತರಗಳಿಲ್ಲ. ಶಾಸನಗಳು ಕಟ್ಟಿಸಿದ ದಂಡನಾಯಕನನ್ನು ಹೊಗಳುತ್ತವೆ, ದತ್ತಿಯ ಎಲ್ಲೆಗಳನ್ನು ಹಳ್ಳ ಹುಣಿಸೆಮರಗಳ ಸಹಿತ ವಿವರಿಸುತ್ತವೆ. ಕಡೆದವನ ವಿಚಾರದಲ್ಲಿ ಸಾಮಾನ್ಯವಾಗಿ ಮೌನ ವಹಿಸುತ್ತವೆ. ಪೀಠದ ಮೇಲಿನ ಅಂಕಿತವೇ ನಮಗೆ ಉಳಿದ ಮುಖ್ಯ ಆಧಾರ.

ಮಲ್ಲಿತಮ್ಮನ ಹೆಸರು ಮೊದಲು ಕಾಣಿಸಿಕೊಳ್ಳುವುದು ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ ಆದ ಅಮೃತಾಪುರದ ಅಮೃತೇಶ್ವರ ದೇವಾಲಯದಲ್ಲಿ. ವೀರಸೋಮೇಶ್ವರನ ಕಾಲದ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ನಂದಿಯ ಬೈಚೋಜನೊಡನೆ ಆತನ ಹೆಸರು ಮತ್ತೆ ದೊರೆಯುತ್ತದೆ. ಕಡೆಯದಾಗಿ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥನು ಕಟ್ಟಿಸಿದ ಸೋಮನಾಥಪುರದ ಕೇಶವ ದೇವಾಲಯ. ಇದರ ಪ್ರತಿಷ್ಠೆಯ ವರ್ಷವು ಗ್ರಂಥಗಳಲ್ಲಿ 1258 ಎಂದೂ 1268 ಎಂದೂ ಕಾಣುತ್ತದೆ. ಯಾವುದನ್ನು ಒಪ್ಪಿದರೂ ಅಮೃತಾಪುರಕ್ಕೂ ಇದಕ್ಕೂ ಅರುವತ್ತು ವರ್ಷಕ್ಕಿಂತ ಹೆಚ್ಚಿನ ಅಂತರವಿದೆ. ಅಮೃತಾಪುರದಲ್ಲಿ ಆತನಿಗೆ ಇಪ್ಪತ್ತು ವರ್ಷವೆಂದು ಹಿಡಿದರೆ, ಸೋಮನಾಥಪುರದಲ್ಲಿ ಎಂಬತ್ತೆರಡು ಅಥವಾ ತೊಂಬತ್ತೆರಡು. ಆ ವಯಸ್ಸಿನಲ್ಲಿ ಕೈ ನಡುಗದೆ ಆಭರಣಗಳ ಎಳೆಯೆಳೆಯನ್ನು ಬಿಡಿಸುವುದು ಅಸಾಧ್ಯವೆನ್ನಲಾರೆವು. ಸುಲಭವಾಗಿ ನಂಬತಕ್ಕದ್ದೂ ಅಲ್ಲ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿ ಕನ್ನಡನಾಡಿನ ಮನೆಮನೆಯಲ್ಲಿಯೂ ಇದೆ. ಹೀಗಿರುವಲ್ಲಿ ಈ ಎಲ್ಲ ಕೃತಿಗಳನ್ನೂ ಒಬ್ಬನೇ ಮಲ್ಲಿತಮ್ಮನಿಗೆ ಒಪ್ಪಿಸಿ, ಅರುವತ್ತು ವರ್ಷಗಳ ಕಲಾಜೀವನವನ್ನು ರಚಿಸುವುದು ಅವಸರದ ತೀರ್ಮಾನವೆಂದು ನಮ್ಮ ಅಭಿಪ್ರಾಯ. ಬೇಲೂರಿನ ಶಿಲ್ಪಿ ತನ್ನ ಊರನ್ನೂ ತಂದೆಯನ್ನೂ ಹೇಳಿಕೊಂಡಂತೆ ಮಲ್ಲಿತಮ್ಮನೂ ಹೇಳಿಕೊಂಡಿದ್ದರೆ ಈ ತೊಡಕೇ ಇರುತ್ತಿರಲಿಲ್ಲ.

ಸೋಮನಾಥಪುರದಲ್ಲಿ ತೊಡಕು ಇನ್ನೂ ಸೂಕ್ಷ್ಮವಾಗಿದೆ. ದಿವಂಗತ ಆರ್. ನರಸಿಂಹಾಚಾರ್ಯರು 1917ರಲ್ಲಿ ಈ ದೇವಾಲಯವನ್ನು ಕುರಿತು ಪ್ರಕಟಿಸಿದ ಗ್ರಂಥವು ಇಂದಿಗೂ ಅಭ್ಯಾಸಿಗಳಿಗೆ ಮೊದಲ ಆಸರೆ. ಹೊರಗೋಡೆಯ ದೊಡ್ಡ ವಿಗ್ರಹಗಳು 194. ಇವುಗಳಲ್ಲಿ ಸುಮಾರು ನಲವತ್ತು ಮಲ್ಲಿತಮ್ಮನವೆಂದು ಹೇಳುವುದು ರೂಢಿ. ಆತನ ಅಂಕಿತವು ಕೆಲವೆಡೆ ಪೂರ್ಣವಾಗಿ ‘ಮಲ್ಲಿತಮ್ಮ’ ಎಂದೂ, ಕೆಲವೆಡೆ ‘ಮಲ್ಲಿ’ ಎಂದೂ, ಮತ್ತೆ ಕೆಲವೆಡೆ ‘ಮ’ ಎಂಬ ಒಂದೇ ಅಕ್ಷರವಾಗಿಯೂ ಇದೆಯೆನ್ನುತ್ತಾರೆ. ಅದೇ ದೇವಾಲಯದಲ್ಲಿ ದುಡಿದ ಇತರರ ಹೆಸರುಗಳು ಬಾಲೆಯ, ಚೌಡೆಯ, ಬಾಮಯ, ಭರ್ಮಯ, ನಂಜಯ, ಯಲಮಸಯ ಮತ್ತು ಮಸಣಿತಮ್ಮ. ಈ ಕಡೆಯ ಹೆಸರನ್ನು ಗಮನಿಸಬೇಕು. ಮಸಣಿತಮ್ಮನ ಮೊದಲಕ್ಷರವೂ ‘ಮ’ವೇ. ಹಾಗಾದರೆ ಒಂಟಿ ‘ಮ’ಕಾರವನ್ನು ಮಲ್ಲಿತಮ್ಮನಿಗೇ ಕೊಡಲು ಆಧಾರವೇನು? ಪ್ರಸಿದ್ಧನ ಕಡೆಗೆ ವಾಲುವುದು ವಿಮರ್ಶಕರ ಸ್ವಭಾವ, ಅದು ಪ್ರಮಾಣವಾಗಲಾರದು. ಮಸಣಿತಮ್ಮನು ಒಂದು ವೇಳೆ ಅಷ್ಟೇ ಸಮರ್ಥನಾಗಿದ್ದು ತನ್ನ ಕೃತಿಗಳನ್ನು ಇನ್ನೊಬ್ಬನ ಲೆಕ್ಕಕ್ಕೆ ಕಳೆದುಕೊಂಡಿರಬಹುದು.

ಅಂಕಿತವೆಂದರೆ ಸ್ವಹಸ್ತವೆಂದೂ ಹೇಳಲಾಗದು. ಬೆಳ್ಳಿಯ ಪಾತ್ರೆಯ ಮುದ್ರೆ ಹೇಗೆ ಅನೇಕ ವೇಳೆ ಅಂಗಡಿಯ ಯಜಮಾನನದೋ, ಹಾಗೆ ಪೀಠದ ಹೆಸರು ಕೂಟದ ಮುಖ್ಯಸ್ಥನದಾಗಿರಬಹುದು. ಶಿಷ್ಯರು ಕಡೆದು ಗುರು ತಿದ್ದಿರಬಹುದು.

ಈ ತೊಡಕನ್ನು ಬಿಡಿಸುವ ದಾರಿ ಕ್ಷೇತ್ರಕಾರ್ಯವೇ. 2023ರಲ್ಲಿ ಬೇಲೂರು, ಹಳೇಬೀಡುಗಳೊಡನೆ ಸೋಮನಾಥಪುರವೂ ವಿಶ್ವಪರಂಪರೆಯ ಪಟ್ಟಿಗೆ ಸೇರಿದೆ. ನೋಡುವವರು ಹೆಚ್ಚಿದ್ದಾರೆ, ಪೀಠದ ಅಕ್ಷರಗಳನ್ನು ಬಗ್ಗಿ ಓದುವವರು ವಿರಳ. ಚಾಮರಾಜನಗರ, ಕುದೇರು, ಸಂತೇಮರಹಳ್ಳಿಗಳ ಕಡೆಯ ವಿದ್ಯಾರ್ಥಿಗಳಿಗೆ ಇದು ತಿರುಮಕೂಡಲು ನರಸೀಪುರವನ್ನು ದಾಟಿದರೆ ಸಿಕ್ಕುವ ಊರು. ಅವರು ಪೂರ್ಣ ಅಂಕಿತ, ‘ಮಲ್ಲಿ’, ‘ಮ’ ಈ ಮೂರನ್ನು ಬೇರೆ ಬೇರೆ ಪಟ್ಟಿ ಮಾಡಿ, ಪ್ರತಿಯೊಂದೂ ಗೋಡೆಯ ಯಾವ ಮಗ್ಗುಲಲ್ಲಿದೆಯೆಂಬುದನ್ನು ನಕ್ಷೆಯಲ್ಲಿ ಗುರುತಿಸಬೇಕು. ನುಗ್ಗೇಹಳ್ಳಿಯಲ್ಲಿ ಉತ್ತರದ ಗೋಡೆ ಮಲ್ಲಿತಮ್ಮನದು, ದಕ್ಷಿಣದ್ದು ಬೈಚೋಜನದು ಎಂಬ ಹಂಚಿಕೆ ಕಂಡುಬಂದಿದೆ. ಸೋಮನಾಥಪುರದಲ್ಲಿಯೂ ಅಂತಹ ಹಂಚಿಕೆ ಇದ್ದು, ಒಂಟಿ ‘ಮ’ಕಾರಗಳು ಮಲ್ಲಿತಮ್ಮನ ಪೂರ್ಣ ಹೆಸರಿನ ನೆರೆಯಲ್ಲಿಯೇ ಸಾಲಾಗಿ ಬಂದರೆ ಅವು ಆತನವೆನ್ನಬಹುದು. ಮಸಣಿತಮ್ಮನ ವಿಗ್ರಹಗಳ ನಡುವೆ ಬಂದರೆ ನಲವತ್ತರ ಲೆಕ್ಕವನ್ನು ಕೆಳಗಿಳಿಸಬೇಕಾಗುತ್ತದೆ.