ಮಾಸ್ತರ ಪಕ್ಕ ಇನ್ನೊಬ್ಬರು

1823ರ ಆಗಸ್ಟ್ 17ರಂದು ಬಳ್ಳಾರಿ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ ಮದ್ರಾಸಿನ ಕಂದಾಯ ಮಂಡಳಿಗೆ ಒಂದು ವರದಿ ಕಳಿಸಿದ. ನಿಮ್ಮ ಜಿಲ್ಲೆಯಲ್ಲಿ ಶಾಲೆ ಎಷ್ಟು, ಮಕ್ಕಳೆಷ್ಟು, ಏನು ಕಲೀತಾರೆ, ಲೆಕ್ಕ ಕೊಡಿ ಅಂತ ಗವರ್ನರ್ ಥಾಮಸ್ ಮನ್ರೋ ಹಿಂದಿನ ವರ್ಷ ಎಲ್ಲ ಕಲೆಕ್ಟರುಗಳಿಗೂ ಕೆಲಸ ಹಚ್ಚಿದ್ದ. ಬರೀ ಪಟ್ಟಿ ತುಂಬಿ ಕಳಿಸಿದರೂ ಸಾಕಿತ್ತು. ಆದರೆ ಕ್ಯಾಂಪ್‌ಬೆಲ್ ತೆಲುಗಿಗೆ ವ್ಯಾಕರಣ ಬರೆದ ಮನುಷ್ಯ. ಶಾಲೆಯೊಳಗೆ ಏನು ನಡೆಯುತ್ತೆ ಅನ್ನೋದನ್ನೂ ವಿವರವಾಗಿ ಬರೆದ.

ಲೆಕ್ಕ ಹೀಗಿದೆ. ಜಿಲ್ಲೆಯ ಜನಸಂಖ್ಯೆ 9,27,857. ಶಾಲೆ 533. ಅದರಲ್ಲಿ ಕನ್ನಡದವು 235, ತೆಲುಗಿನವು 226, ಇಂಗ್ಲಿಷಿನದು ಒಂದೇ ಒಂದು. ಮಕ್ಕಳು 6,641. ಹುಡುಗಿಯರು? ಬರೀ 60.

ಬೆಳಿಗ್ಗೆ ಶಾಲೆಗೆ ಮೊದಲು ಬಂದ ಹುಡುಗನ ಅಂಗೈ ಮೇಲೆ ‘ಸರಸ್ವತಿ’ ಅಂತ ಬರೀತಿದ್ದರಂತೆ. ಎರಡನೆಯವನಿಗೆ ಸೊನ್ನೆ, ಅಂದರೆ ಹೊಗಳಿಕೆಯೂ ಇಲ್ಲ ಬೈಗುಳವೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಆಮೇಲೆ ಬಂದವರಿಗೆ ಒಂದೊಂದು ಹೆಚ್ಚು. (ನಮ್ಮ ಸ್ಟ್ಯಾಂಡ್‌ಅಪ್ ಮೀಟಿಂಗಿಗೆ ಈ ಪದ್ಧತಿ ತಂದರೆ ನನ್ನ ಪಾಲಿಗೆ ದಿನಾ ಆರೇಳು ಖಾಯಂ.) ಮರಳಿನ ಮೇಲೆ ಬೆರಳಿಂದ ಅಕ್ಷರ ತಿದ್ದೋದು, ಆಮೇಲೆ ಹಲಗೆ, ಕಡತ.

ನನ್ನ ಕಣ್ಣು ನಿಂತಿದ್ದು ಮುಂದಿನ ಸಂಗತಿ ಮೇಲೆ. ಮಕ್ಕಳೆಲ್ಲ ಬಂದು ಸೇರಿದ ಮೇಲೆ ಅವರನ್ನು ಗುಂಪು ಮಾಡ್ತಿದ್ದರು. ಮೇಲಿನ ಗುಂಪನ್ನು ಮಾಸ್ತರು ತಾವೇ ನೋಡ್ತಿದ್ದರು. ಕೆಳಗಿನ ಗುಂಪುಗಳಿಗೆ ಮುಂದೆ ಓದಿದ ಹುಡುಗರೇ ಹೇಳಿಕೊಡ್ತಿದ್ದರು. ಕ್ಯಾಂಪ್‌ಬೆಲ್ ಇದನ್ನು ಬಹಳ ಮೆಚ್ಚಿದ. ಕಡಿಮೆ ಖರ್ಚು, ಜೊತೆಗೆ ಹೇಳಿಕೊಡುವ ಹುಡುಗನ ಕಲಿಕೆಯೂ ಗಟ್ಟಿಯಾಗುತ್ತೆ, ಇಂಗ್ಲೆಂಡು ಇದನ್ನು ನಕಲು ಮಾಡಿದ್ದು ಸರಿಯಾಗಿಯೇ ಇದೆ ಅಂತ ಬರೆದ. ನಕಲು ಮಾಡಿದವನ ಹೆಸರು ಆಂಡ್ರೂ ಬೆಲ್. ಮದ್ರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಮಕ್ಕಳ ಶಾಲೆ ನೋಡಿಕೊಳ್ತಿದ್ದ. ಅಲ್ಲಿನ ಊರ ಶಾಲೆಯೊಂದರಲ್ಲಿ ಮಕ್ಕಳು ಮರಳಲ್ಲಿ ಬರೆಯೋದು ಕಂಡ, ತನ್ನ ಶಾಲೆಯಲ್ಲಿ ಎಂಟು ವರ್ಷದ ಹುಡುಗನೊಬ್ಬನನ್ನು ಚಿಕ್ಕವರಿಗೆ ಅಕ್ಷರ ಕಲಿಸೋಕೆ ಕೂರಿಸಿದ, 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಮಾಡಿದ. ಅದು ‘ಮದ್ರಾಸ್ ಪದ್ಧತಿ’ ಅಂತ ಅಲ್ಲಿ ಹೆಸರಾಯ್ತು. ಬೆಲ್‌ಗೆ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಸಮಾಧಿ ಸಿಕ್ಕಿತು. ಮರಳಿನಲ್ಲಿ ಬರೆಸಿದ ಹುಡುಗರಿಗೆ ಏನು ಸಿಕ್ಕಿತು ಅಂತ ಯಾರೂ ಬರೆದಿಡಲಿಲ್ಲ.

ಈ ವರದಿ ಧರ್ಮಪಾಲ್ 1983ರಲ್ಲಿ ತಂದ ‘ದಿ ಬ್ಯೂಟಿಫುಲ್ ಟ್ರೀ’ ಪುಸ್ತಕದಲ್ಲಿದೆ. ನಮ್ಮ ಕಾಲದ ಶಾಲೆಗಳು ಹೇಗೆ ಭಂಗಾರದಂಗಿದ್ವು ಅಂತ ಸಾಧಿಸೋಕೆ ಇದನ್ನು ಎಳೆದು ತರೋರು ಇದ್ದಾರೆ. ಅವರು ಆ 60 ಹುಡುಗಿಯರ ಲೆಕ್ಕ ದಾಟಿಕೊಂಡು ಹೋಗ್ತಾರೆ. ಅರ್ಥ ಗೊತ್ತಿಲ್ಲದೆ ಗಿಣಿಪಾಠ ಒಪ್ಪಿಸ್ತಾರೆ ಅಂತ ಕ್ಯಾಂಪ್‌ಬೆಲ್ಲೇ ದೂರಿದ್ದನ್ನೂ ದಾಟ್ತಾರೆ. ಇನ್ನು ಬ್ರಿಟಿಷರನ್ನು ಹೊಗಳೋರು, ಜನ ಬಡವರಾಗ್ತಿರೋದರಿಂದಲೇ ಶಾಲೆ ಮುಚ್ತಿವೆ, ಯುರೋಪಿನ ಬಟ್ಟೆ ಬಂದು ಇಲ್ಲಿನ ನೇಯ್ಗೆಗೆ ಹೊಡೆತ ಬಿತ್ತು ಅಂತ ಅದೇ ಕಲೆಕ್ಟರ್ ಬರೆದಿದ್ದನ್ನು ಓದೋದಿಲ್ಲ.

ನಾನು ಮಸ್ಕಿ ಕಡೆಯವನು. ಈ ಲೆಕ್ಕದಲ್ಲಿ ನಮ್ಮೂರು ಇಲ್ಲ. ಸಿಂಧನೂರಿಂದ ಹೊರಟು ದಢೇಸೂಗೂರಿನ ಸೇತುವೆ ದಾಟಿದರೆ ಸಿರುಗುಪ್ಪ. ಆಗ ಹೊಳೆಯೇ ಗಡಿ. 1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ, ತುಂಗಭದ್ರೆಯ ಈಚೆ ದಂಡೆ ತಾನೇ ಇಟ್ಟುಕೊಂಡ. ನಡುವೆ 1853ರಿಂದ 1860ರವರೆಗೆ ಬ್ರಿಟಿಷರ ಕೈಯಲ್ಲಿದ್ದು ಮತ್ತೆ ನಿಜಾಮನಿಗೇ ವಾಪಸ್. 1905ರವರೆಗೆ ಜಿಲ್ಲಾ ಕೇಂದ್ರವಾಗಿದ್ದ ಲಿಂಗಸುಗೂರಿನಲ್ಲೂ ಕಚೇರಿ ಭಾಷೆ ಉರ್ದು. ಮಸ್ಕಿಯ ಬಂಡೆ ಮೇಲೆ ಅಶೋಕನ ಹೆಸರಿರೋ ಶಾಸನವನ್ನು 1915ರಲ್ಲಿ ಕಂಡಿದ್ದು ಬಂಗಾರದ ಗಣಿಯ ಇಂಜಿನಿಯರ್ ಬೀಡನ್. ಎರಡು ಸಾವಿರ ವರ್ಷದ ಅಕ್ಷರ ಮಗ್ಗುಲಲ್ಲೇ ಇದ್ದ ಊರಿನ ಮಕ್ಕಳು ಕನ್ನಡ ಕಲಿಯೋಕೆ ಐಗಳ ಮಠಕ್ಕೆ, ನೌಕರಿ ಬೇಕಂದ್ರೆ ಅಲಿಫ್ ಬೇ ಕಲಿಯೋಕೆ ಸರ್ಕಾರಿ ಶಾಲೆಗೆ ಹೋಗಬೇಕಿತ್ತು. ನಮ್ಮ ಮುತ್ಯಾ ಮಠದಲ್ಲಿ ಕಲಿತಿದ್ದು ಐಗಳಿಂದ ಅಲ್ಲ, ತನಗಿಂತ ನಾಲ್ಕು ವರ್ಷ ದೊಡ್ಡ ಹುಡುಗನೊಬ್ಬನಿಂದ ಅಂತ ಹೇಳ್ತಿದ್ದ. 

1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಶಾಲೆ ಹೆಚ್ಚಾದವು, ಮಾಸ್ತರು ಅಷ್ಟೇ ಲೆಕ್ಕದಲ್ಲಿ ಬರಲಿಲ್ಲ. ಬಂದವರು ವರ್ಗ ಮಾಡಿಸಿಕೊಂಡು ಹೋಗ್ತಿದ್ದರು. ಆ ಜಾಗ ತುಂಬೋದು ಈಗ ಅತಿಥಿ ಶಿಕ್ಷಕರು.

ನನ್ನ ಚಿಕ್ಕಪ್ಪನ ಮಗಳು ಸಿಂಧನೂರು ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ಅತಿಥಿ. ಡಿ.ಎಡ್ ಮುಗಿಸಿದ್ದಾಳೆ, ಟಿಇಟಿ ಪಾಸು. ದಾರಿ ಹೀಗೆ: ಹುದ್ದೆ ಖಾಲಿ ಇರೋ ಶಾಲೆಗೆ ಜೂನ್‌ನಲ್ಲಿ ಅರ್ಜಿ ಹಾಕಬೇಕು, ಹೆಡ್‌ಮಾಸ್ತರು ಅಂಕ ನೋಡಿ ತಗೋತಾರೆ, ಶೈಕ್ಷಣಿಕ ವರ್ಷ ಮುಗಿದ ಕೂಡಲೇ ಕೆಲಸವೂ ಮುಗೀತು. ಬೇಸಿಗೆಗೆ ಸಂಬಳ ಇಲ್ಲ. ಮುಂದಿನ ಜೂನ್‌ಗೆ ಮತ್ತೆ ಮೊದಲಿಂದ ಅರ್ಜಿ. ಖಾಯಂ ಮಾಸ್ತರು ವರ್ಗವಾಗಿ ಬಂದರೆ ವರ್ಷದ ನಡುವೆಯೂ ಜಾಗ ಬಿಡಬೇಕು. ಪ್ರಾಥಮಿಕ ಶಾಲೆಯಲ್ಲಿ ತಿಂಗಳಿಗೆ 10,000 ರೂಪಾಯಿ ಇತ್ತು, 2025-26ರ ಬಜೆಟ್‌ನಲ್ಲಿ 2,000 ಏರಿಸಿದರು. ನಮ್ಮ ಆಫೀಸಿನ ಇಂಟರ್ನ್‌ಗೆ ಇದರ ಎರಡರಷ್ಟು ಸಿಗುತ್ತೆ, ಕಾಫಿ ಬೇರೆ.

‘ಅತಿಥಿ’ ಅನ್ನೋ ಪದ ಇಟ್ಟವರು ಯಾರೋ ಗೊತ್ತಿಲ್ಲ, ಜಾಣರು. ಬಂದವರು ಹೋಗಲೇಬೇಕು ಅನ್ನೋದು ಹೆಸರಲ್ಲೇ ಬಂತು. ಆಕೆಗೆ ಹೇಳಿದ್ದಕ್ಕೆ, “ಅಣ್ಣಾ, ಹುಡುಗ್ರಿಗಿ ಟೀಚರ್ ಅಂದ್ರ ಟೀಚರ್ ಅಷ್ಟ. ಅತಿಥಿ ಅಂತ ಅವಕ್ಕೇನ್ ಗೊತ್ತೈತಿ?” ಅಂದಳು.

ಇಂಥ ಸಹಾಯದಿಂದ ಲಾಭ ಇದೆಯಾ ಅಂತ ಅಳೆದೂ ನೋಡಿದ್ದಾರೆ. ವಡೋದರಾ, ಮುಂಬೈಗಳ ಸರ್ಕಾರಿ ಶಾಲೆಗಳಲ್ಲಿ ಪ್ರಥಮ್ ಸಂಸ್ಥೆ ‘ಬಾಲಸಖಿ’ ಅಂತ ಅದೇ ಊರಿನ ಯುವತಿಯರನ್ನು ಇಟ್ಟಿತ್ತು. ಹಿಂದುಳಿದ ಇಪ್ಪತ್ತರಷ್ಟು ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿ ಕಲಿಸೋದು ಅವರ ಕೆಲಸ. ಸಂಬಳ ತಿಂಗಳಿಗೆ 500ರಿಂದ 750 ರೂಪಾಯಿ. 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಜೊತೆಗಾರರು 2007ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಮಕ್ಕಳ ಅಂಕ ಏರಿತ್ತು, ಅತಿ ಹಿಂದಿದ್ದವರಿಗೇ ಹೆಚ್ಚು ಲಾಭ. ಕಾರ್ಯಕ್ರಮ ನಿಂತು ಒಂದು ವರ್ಷಕ್ಕೆ ಆ ಲಾಭ ಬಹಳಷ್ಟು ಕರಗಿತ್ತು. ಜಗತ್ತು ಇದರಲ್ಲಿ ‘ಅಗ್ಗ, ಆದರೂ ಕೆಲಸ ಮಾಡುತ್ತೆ’ ಅನ್ನೋದನ್ನೇ ಹೆಚ್ಚು ಓದಿಕೊಂಡಿತು, ಕ್ಯಾಂಪ್‌ಬೆಲ್ ಓದಿಕೊಂಡ ಹಾಗೆಯೇ. ಸಖಿ ಹೋದ ಮೇಲೆ ಏನಾಯ್ತು ಅನ್ನೋ ಸಾಲು ನನಗೆ ಹೆಚ್ಚು ಮುಖ್ಯ ಅನಿಸುತ್ತೆ. ಪ್ರತಿ ಏಪ್ರಿಲ್‌ಗೆ ಸಖಿಯನ್ನು ಮನೆಗೆ ಕಳಿಸೋದನ್ನೇ ನಾವು ಪದ್ಧತಿ ಮಾಡಿಕೊಂಡಿದ್ದೇವೆ.

ಇನ್ನು ನಲಿ-ಕಲಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಬಂತು. ಒಂದು, ಎರಡು, ಮೂರನೇ ತರಗತಿ ಒಂದೇ ಕೋಣೆಯಲ್ಲಿ, ಮಕ್ಕಳು ಗುಂಪುಗುಂಪಾಗಿ. ಒಂದು ಗುಂಪಿಗೆ ಟೀಚರ್ ಪೂರ್ತಿ ಬೇಕು, ಇನ್ನೊಂದಕ್ಕೆ ಅರ್ಧ, ಮತ್ತೊಂದಕ್ಕೆ ಸಹಪಾಠಿಗಳೇ ಸಾಕು. ಬಳ್ಳಾರಿಯ ಆ ಹಳೇ ಕೋಣೆ ನೆನಪಾಗದೇ ಇರೋದಿಲ್ಲ.

ಹೋದ ದೀಪಾವಳಿಗೆ ಊರಿಗೆ ಹೋದಾಗ ಆಕೆಯ ಶಾಲೆಗೆ ಹೋಗಿದ್ದೆ. ಐದನೇ ತರಗತಿ ಮಕ್ಕಳನ್ನೂ ಕರೆಸಿಕೊಂಡು ಸಣ್ಣವರ ಮಗ್ಗುಲಲ್ಲಿ ಕೂರಿಸಿದ್ದಳು. ಈ ಐಡಿಯಾ ಯಾರು ಹೇಳಿದ್ದು, ಟ್ರೇನಿಂಗ್‌ನಲ್ಲಾ ಅಂತ ಕೇಳಿದೆ.

“ಯಾರ್ ಹೇಳ್ಬೇಕಣ್ಣಾ? ನಾ ಒಬ್ಬಾಕಿ, ಕ್ಲಾಸು ಮೂರು.”

ಕ ಕಾಗುಣಿತ ಹೇಳಿಕೊಡೋದರಲ್ಲಿ ತನ್ನ ಬಲಗೈ ಅಂದರೆ ಒಬ್ಬ ಐದನೇ ಕ್ಲಾಸಿನ ಹುಡುಗಿ ಅಂದಳು. ಆಕೆ ಎಲ್ಲಿ ಅಂತ ನೋಡಿದೆ. ಅವತ್ತು ಬಂದಿರಲಿಲ್ಲ. ಹತ್ತಿ ಬಿಡಿಸೋ ಸುಗ್ಗಿ, ಅವ್ವನ ಜೊತೆ ಕೂಲಿಗೆ ಹೋಗಿದ್ದಳು, ಇನ್ನೂ ಎರಡು ವಾರ ಬರೋದಿಲ್ಲ ಅಂತ ಮನೆಯವರು ಹೇಳಿ ಕಳಿಸಿದ್ದರಂತೆ.