ರಾಜಗೋಪುರದ ನೆರಳು

ಹಂಪೆಯ ವಿರೂಪಾಕ್ಷ ದೇವಾಲಯದ ಪೂರ್ವದ್ವಾರದಲ್ಲಿ ಒಂಬತ್ತು ನೆಲೆಗಳ ರಾಜಗೋಪುರವನ್ನು ತಲೆಯೆತ್ತಿ ನೋಡಿ ಒಳಹೊಕ್ಕ ಯಾತ್ರಿಕನು, ದೇವದರ್ಶನವನ್ನು ಮುಗಿಸಿಕೊಂಡು ಗರ್ಭಗೃಹದ ಹಿಂಬದಿಯ ಕತ್ತಲೆಯ ಕೋಣೆಗೆ ಬಂದನೆಂದರೆ, ಅಲ್ಲಿನ ಗೋಡೆಯ ಮೇಲೆ ಅದೇ ಗೋಪುರವು ತಲೆಕೆಳಗಾಗಿ, ಕಲಶವನ್ನು ನೆಲದ ಕಡೆಗೆ ಚಾಚಿ, ಮೃದುವಾದ ನೆರಳಾಗಿ ನಿಂತಿರುವುದನ್ನು ಕಾಣುತ್ತಾನೆ. ಎದುರಿನ ಕಿರಿದಾದ ಕಿಂಡಿಯೊಂದರಿಂದ ಬೆಳಕಿನ ಕಿರಣಗಳು ಸರಳರೇಖೆಯಲ್ಲಿ ಹಾಯ್ದು, ಮೇಲಿನವು ಕೆಳಕ್ಕೂ ಕೆಳಗಿನವು ಮೇಲಕ್ಕೂ ಬೀಳುವುದೇ ಇದಕ್ಕೆ ಕಾರಣ. ಛಾಯಾಗ್ರಾಹಕ ಯಂತ್ರದ ಮೂಲತತ್ತ್ವವೂ ಇದೇ ಆಗಿರುವುದರಿಂದ, ಹಂಪೆಗೆ ಬಂದ ಮೊದಲ ಯಂತ್ರಕ್ಕಿಂತ ಮುಂಚೆಯೇ ಹಂಪೆಯು ತನ್ನ ಬಿಂಬವನ್ನು ತಾನೇ ಬರೆದುಕೊಳ್ಳುತ್ತಿದ್ದಿತೆನ್ನಬಹುದು. ಆ ಬಿಂಬವು ಯಾರ ಸ್ವತ್ತೂ ಆಗಿರಲಿಲ್ಲ. ಕೋಣೆಗೆ ಬಂದವರೆಲ್ಲರಿಗೂ ಅದು ಸಮಾನವಾಗಿ ಕಾಣುತ್ತಿದ್ದಿತು.

ಈ ನೆರಳನ್ನು ನೆನೆಯುವಾಗಲೆಲ್ಲ ನನ್ನ ಮನಸ್ಸಿಗೆ ಬರುವುದು ಸಪ್ತಸಾಗರಗಳಾಚೆ ನಡೆದ ಒಂದು ಕ್ರಯ. 2014ರ ಮಾರ್ಚ್ 25ರಂದು, ಕೋಟ್ಯಂತರ ಜನರ ಹರಟೆ ಮತ್ತು ಭಾವಚಿತ್ರಗಳ ಆಶ್ರಯಸ್ಥಾನವಾಗಿದ್ದ ಫೇಸ್‌ಬುಕ್ ಸಂಸ್ಥೆಯು, ಹುಟ್ಟಿ ಎರಡು ವರ್ಷವಷ್ಟೇ ಆಗಿದ್ದ ಆಕ್ಯುಲಸ್ ಎಂಬ ಕಿರಿಯ ಉದ್ಯಮವನ್ನು ಸುಮಾರು 200 ಕೋಟಿ ಡಾಲರುಗಳಿಗೆ ಕೊಳ್ಳುವುದಾಗಿ ಪ್ರಕಟಿಸಿತು. ಅದರಲ್ಲಿ 40 ಕೋಟಿ ನಗದು, ಉಳಿದುದು ಷೇರುಗಳ ರೂಪ. ಆಕ್ಯುಲಸ್ ತಯಾರಿಸುತ್ತಿದ್ದುದು ವರ್ಚುವಲ್ ರಿಯಾಲಿಟಿ, ಎಂದರೆ ಕಲ್ಪಿತ ವಾಸ್ತವದ ಹೆಡ್‌ಸೆಟ್: ಕಣ್ಣುಗಳನ್ನು ಪೂರ್ತಿಯಾಗಿ ಮುಚ್ಚಿಕೊಂಡು, ತಲೆ ತಿರುಗಿದತ್ತ ತಾನೂ ತಿರುಗುವ ಒಂದು ಕೃತಕ ಲೋಕವನ್ನು ಅವುಗಳ ಮುಂದೆ ಹಿಡಿಯುವ ಉಪಕರಣ. 2012ರಲ್ಲಿ ಸಾಮಾನ್ಯ ಜನರಿಂದ ಮುಂಗಡ ಹಣವನ್ನು ಬೇಡಿ ಹೊರಟ ಈ ಉದ್ಯಮವು ಎರಡೂವರೆ ಲಕ್ಷ ಡಾಲರನ್ನು ಅಪೇಕ್ಷಿಸಿದಲ್ಲಿ, ಸುಮಾರು 24 ಲಕ್ಷ ಡಾಲರು ಅದರ ಮಡಿಲಿಗೆ ಬಿದ್ದಿತ್ತು. ಹಾಗೆ ಹಲವರ ಉತ್ಸಾಹದಿಂದ ಬೆಳೆದ ವಸ್ತುವು ಒಂದೇ ದಿನದಲ್ಲಿ ಒಬ್ಬ ಧನಿಕನ ವಶವಾದುದನ್ನು ಕಂಡು ಹಣ ಕೊಟ್ಟವರಲ್ಲಿ ಹಲವರು ನೊಂದುಕೊಂಡರು. ತುಂಗಭದ್ರೆಯ ದಡದ ನಮಗೆ ಈ ಸಂಗತಿ ಏತಕ್ಕೆ ಎಂದು ವಾಚಕರು ಕೇಳಬಹುದು. ಹಂಪೆಯ ಬಿಂಬಗಳು ಇನ್ನೂರು ವರ್ಷಗಳಿಂದ ಯಾರು ಯಾರ ಕೈಯಲ್ಲಿ ಉಳಿದುವೆಂಬ ಕಥೆಯನ್ನು ಬಲ್ಲವರಿಗೆ ಆ ಕ್ರಯದ ಅರ್ಥ ಬಹು ಚೆನ್ನಾಗಿ ತಿಳಿಯುತ್ತದೆ.

ಆ ಕಥೆಯ ಮೊದಲ ಪುಟದಲ್ಲಿರುವವನು ಕಾಲಿನ್ ಮೆಕೆಂಜಿ. ಟಿಪ್ಪುವಿನ ಪತನವಾದ 1799ರಲ್ಲಿಯೇ ಹಂಪೆಯ ಹಾಳೂರನ್ನು ಅಳೆಯಿಸಿ ಅದರ ನಕ್ಷೆಯನ್ನು ಬರೆಯಿಸಿದ ಈ ಅಧಿಕಾರಿಯು ಮುಂದೆ, 1815ರಲ್ಲಿ, ಇಡೀ ಭಾರತದ ಮೊದಲನೆಯ ಸರ್ವೇಯರ್ ಜನರಲ್ ಆದನು. ಆದರೆ ಮೆಕೆಂಜಿಗೆ ನಮ್ಮ ನೆಲದ ಭಾಷೆಗಳನ್ನೂ ಶಾಸನಗಳನ್ನೂ ತೆರೆದು ತೋರಿಸಿದವರು ಕಾವಲಿ ವೆಂಕಟ ಬೋರಯ್ಯ, ಲಕ್ಷ್ಮಯ್ಯ ಮೊದಲಾದ ದೇಶೀಯ ವಿದ್ವಾಂಸರು ಎಂಬುದನ್ನು ಮರೆಯಲಾಗದು. ಅವರು ಊರೂರು ತಿರುಗಿ ಕೂಡಿಸಿದ, ಕೈಫಿಯತ್ತುಗಳೆಂಬ ಸ್ಥಳವೃತ್ತಾಂತಗಳೂ ನಕ್ಷೆಗಳೂ ಕೆಲವು ಮದರಾಸಿನಲ್ಲಿ ಉಳಿದು, ಕೆಲವು ಲಂಡನ್ನಿಗೆ ಹಡಗು ಹತ್ತಿದುವು. ಹೀಗೆ ಚದುರಿದ ಸಂಪತ್ತಿನಲ್ಲಿ ಕನ್ನಡದ ಪಾಲು ಎಂ. ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ ‘ಕರ್ನಾಟಕದ ಕೈಫಿಯತ್ತುಗಳು’ ಎಂಬ ಗ್ರಂಥವಾಗಿ ಹಂಪೆಯ ಕನ್ನಡ ವಿಶ್ವವಿದ್ಯಾಲಯದಿಂದಲೇ ಪ್ರಕಟವಾದುದು, ಮನೆ ಬಿಟ್ಟು ಹೋದ ಮಗು ಹಿಂದಿರುಗಿ ಹೊಸಿಲು ತುಳಿದಂತಹ ಸಂತೋಷದ ಸಂಗತಿ.

ಎರಡನೆಯವನು ಅಲೆಕ್ಸಾಂಡರ್ ಗ್ರೀನ್‌ಲಾ, ಮದರಾಸಿನ ಪದಾತಿದಳದ ಅಧಿಕಾರಿ. 1856ರ ಸುಮಾರಿಗೆ ಇವನು ಮೇಣ ಹತ್ತಿಸಿದ ಕಾಗದಕ್ಕೆ ಬೆಳ್ಳಿಯ ಲವಣವನ್ನು ಲೇಪಿಸಿ, ಭಾರವಾದ ಮರದ ಪೆಟ್ಟಿಗೆಯನ್ನು ಬಂಡೆಗಳ ನಡುವೆ ಹೊರಿಸಿಕೊಂಡು ಹೋಗಿ, ಹಂಪೆಯ ಅರವತ್ತಕ್ಕೂ ಹೆಚ್ಚು ಛಾಯಾಚಿತ್ರಗಳನ್ನು ತೆಗೆದನು. ಆ ಕಾಗದಕ್ಕೆ ಬಿಂಬ ಹಿಡಿಯಲು ದೀರ್ಘಕಾಲ ಬೇಕಾಗುತ್ತಿದ್ದುದರಿಂದ ನಡೆದಾಡುವ ಮನುಷ್ಯರು ಅದರಲ್ಲಿ ನಿಲ್ಲುತ್ತಿರಲಿಲ್ಲ. ನಿಂತ ಕಲ್ಲು ಮಾತ್ರ ನಿಲ್ಲುತ್ತಿತ್ತು. ಈ ಚಿತ್ರಗಳ ಬೆಲೆ ಎಂತಹುದೆಂಬುದಕ್ಕೆ ವಿಠ್ಠಲ ದೇವಾಲಯದ ಕಲ್ಲಿನ ರಥವೇ ಸಾಕ್ಷಿ. ಇಂದು ಐವತ್ತು ರೂಪಾಯಿಯ ನೋಟಿನ ಮೇಲೆ ನಾವು ಕಾಣುವ ರಥಕ್ಕೆ ಶಿಖರವಿಲ್ಲ. ಗ್ರೀನ್‌ಲಾನ ಚಿತ್ರದಲ್ಲಾದರೋ ಅದರ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವೊಂದು ಇನ್ನೂ ನಿಂತಿದೆ. ನಮ್ಮ ಅಜ್ಜಂದಿರ ಅಜ್ಜಂದಿರು ಕಂಡ ರಥ ಅದು. ಆದರೆ ಈ ಸಾಕ್ಷ್ಯವು 1980ರ ವರೆಗೆ ಇಂಗ್ಲೆಂಡಿನ ಖಾಸಗಿ ಸಂಗ್ರಹವೊಂದರಲ್ಲಿ ಯಾರ ಗಮನಕ್ಕೂ ಬಾರದೆ ಬಿದ್ದಿತ್ತು. ಅಷ್ಟು ವರ್ಷ ಹೊಸಪೇಟೆಯಿಂದ ಎತ್ತಿನ ಬಂಡಿಯಲ್ಲಿ ಹಂಪೆಯ ಜಾತ್ರೆಗೆ ಬಂದು, ರಥವನ್ನು ಮುಟ್ಟಿ ಕೈಮುಗಿದು ಹೋದ ರೈತನಿಗೆ, ಆ ರಥದ ಪೂರ್ಣರೂಪವನ್ನು ನೋಡುವ ಅವಕಾಶವೇ ಇರಲಿಲ್ಲ.

ಇದೇ ಕಾಲದಲ್ಲಿ ಯೂರೋಪಿನಲ್ಲಿ ಇನ್ನೊಂದು ಉಪಕರಣವು ಮನೆಮನೆಗೂ ನುಗ್ಗುತ್ತಿದ್ದಿತು. ಎರಡು ಕಣ್ಣುಗಳು ಒಂದೇ ವಸ್ತುವನ್ನು ಕೊಂಚ ಬೇರೆ ಬೇರೆಯಾಗಿ ಕಾಣುವುದರಿಂದಲೇ ನಮಗೆ ಆಳದ ಅನುಭವವಾಗುವುದೆಂದು 1838ರಲ್ಲಿ ಚಾರ್ಲ್ಸ್ ವೀಟ್‌ಸ್ಟನ್ ತೋರಿಸಿಕೊಟ್ಟನಷ್ಟೆ. ಆ ತತ್ತ್ವವನ್ನು ಹಿಡಿದು ಡೇವಿಡ್ ಬ್ರೂಸ್ಟರನು ಮಸೂರಗಳಿಂದ ರಚಿಸಿದ ಸ್ಟೀರಿಯೋಸ್ಕೋಪು 1851ರ ಲಂಡನ್ ಪ್ರದರ್ಶನದಲ್ಲಿ ಎಲ್ಲರ ಮನಸ್ಸನ್ನೂ ಸೆಳೆಯಿತು. ಕಣ್ಣಿಗೊಂದು ಚಿತ್ರ, ಚಿತ್ರಕ್ಕೊಂದು ಮಸೂರ, ಹೊರಗಿನ ಲೋಕಕ್ಕೆ ತಡೆ: 200 ಕೋಟಿ ಡಾಲರಿನ ಹೆಡ್‌ಸೆಟ್ಟಿನ ಹೃದಯದಲ್ಲಿರುವುದೂ ಈ ಹಳೆಯ ತತ್ತ್ವವೇ. ತಲೆಯ ಚಲನೆಯನ್ನು ಕ್ಷಣಕ್ಷಣಕ್ಕೂ ಅಳೆದು ಚಿತ್ರವನ್ನು ಅದಕ್ಕನುಗುಣವಾಗಿ ಬದಲಿಸುವ ಶಕ್ತಿಯನ್ನು ಮಾತ್ರ ಗಣಕಯಂತ್ರವು ನಮ್ಮ ಕಾಲದಲ್ಲಿ ಸೇರಿಸಿತು.

ಫೇಸ್‌ಬುಕ್ಕಿನ ಕ್ರಯಕ್ಕೆ ಎಷ್ಟೋ ವರ್ಷ ಮೊದಲೇ ಹಂಪೆಯು ಈ ವಿದ್ಯೆಯ ಒಂದು ಪ್ರಯೋಗಕ್ಷೇತ್ರವಾಗಿದ್ದಿತೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದ ಸಂಗತಿ. ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಶೆಲ್ ಎಂಬ ವಿದ್ವಾಂಸರು ಹಾಳೂರಿನ ಗೋಡೆ, ಕಾಲುವೆ, ದಾರಿಗಳನ್ನು ವರ್ಷಾನುವರ್ಷ ಅಳೆದು ದಾಖಲಿಸುತ್ತಿದ್ದಾಗ, ಅವರೊಡನೆ ದುಡಿದ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಅವರು ಗ್ರೀನ್‌ಲಾ ನಿಂತ ಜಾಗಗಳಲ್ಲಿಯೇ ನಿಂತು ಆ ನೋಟಗಳನ್ನು ಮರಳಿ ಸೆರೆಹಿಡಿದರು. ಮುಂದೆ ಸಾರಾ ಕೆಂಡರ್‌ಡೈನ್ ಮತ್ತು ಜೆಫ್ರಿ ಷಾ ಅವರು ಗಾಲಿಂಗ್ಸರೊಡಗೂಡಿ ಹಂಪೆಯನ್ನು ಸುತ್ತಲೂ ಆಳವುಳ್ಳ ಬಿಂಬಗಳಾಗಿ ಹಿಡಿದು, 2006ರಲ್ಲಿ ‘ಪ್ಲೇಸ್ ಹಂಪಿ’ ಎಂಬ ಪ್ರದರ್ಶನವನ್ನು ನಿರ್ಮಿಸಿದರು. ನೋಡುವವನು ತಿರುಗುವ ವೇದಿಕೆಯ ಮೇಲೆ ನಿಂತರೆ, ಸುತ್ತುಗಟ್ಟಿದ ತೆರೆಯ ಮೇಲೆ ಬಂಡೆಗಳೂ ಮಂಟಪಗಳೂ ತೋರಿ, ಅವುಗಳ ನಡುವೆ ಕಿಷ್ಕಿಂಧೆಯ ನೆಲಕ್ಕೆ ಸಲ್ಲುವ ಪುರಾಣಮೂರ್ತಿಗಳು ಸಂಚರಿಸುತ್ತವೆ. ವಿದೇಶಗಳನ್ನು ಸುತ್ತಿದ ಈ ರಚನೆಯು 2012ರಲ್ಲಿ ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ, ಉಕ್ಕಿನ ಕಾರ್ಖಾನೆಯ ವಸತಿನಗರದ ಕಲಾಧಾಮದಲ್ಲಿ ನೆಲೆಗೊಂಡಿತು. ಅಲ್ಲಿ ನಿಂತವರ ಕಣ್ಣಿಗೆ ಮುಖವಾಡ ಕಟ್ಟಿ ಒಬ್ಬೊಬ್ಬರನ್ನೂ ಒಂಟಿಯಾಗಿಸುವ ರೀತಿಯಿಲ್ಲ. ಅಜ್ಜಿಯೂ ಮೊಮ್ಮಗಳೂ ಒಟ್ಟಿಗೆ ನಿಂತು, ಒಬ್ಬರಿಗೊಬ್ಬರು ಕೈಮಾಡಿ ತೋರಿಸುತ್ತ ನೋಡಬಹುದು. ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ನೆರವಿನಿಂದ ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜೂ ಸೇರಿದಂತೆ ದೇಶದ ಹಲವು ವಿದ್ಯಾಸಂಸ್ಥೆಗಳು ಕೈಗೊಂಡ ‘ಡಿಜಿಟಲ್ ಹಂಪಿ’ ಎಂಬ ಸಂಶೋಧನೆಯೂ, ಮುರಿದ ಶಿಲ್ಪಗಳನ್ನು ಗಣಕದಲ್ಲಿ ಪೂರ್ಣಗೊಳಿಸುವ ವಿಧಾನಗಳನ್ನು ಹುಡುಕಿತು. ಸಾರ್ವಜನಿಕ ಧನದಿಂದ ನಮ್ಮವರೇ ಮಾಡಿದ ಕಾರ್ಯವಾದುದರಿಂದ ಇದನ್ನು ನಾನು ವಿಶೇಷವಾಗಿ ಆದರಿಸುತ್ತೇನೆ.

ಆಕ್ಯುಲಸ್ಸಿನ ಮಾರ್ಗವಾದರೋ ಬೇರೆಯಾಯಿತು. 2020ರ ಅಕ್ಟೋಬರಿನಿಂದ ಹೊಸದಾಗಿ ಆ ಹೆಡ್‌ಸೆಟ್ಟನ್ನು ಬಳಸುವವರು ಫೇಸ್‌ಬುಕ್ಕಿನ ಖಾತೆಯಿಂದಲೇ ಪ್ರವೇಶಿಸಬೇಕೆಂಬ ಕಟ್ಟಳೆ ಬಂದಿತು. ಜನರ ಆಕ್ಷೇಪಣೆ ಬಲವಾದ ಬಳಿಕ, 2022ರಲ್ಲಿ, ಅದನ್ನು ಸಡಿಲಿಸಿ ಬೇರೆ ಖಾತೆಯನ್ನು ಒದಗಿಸಬೇಕಾಯಿತು. ಅಷ್ಟರಲ್ಲಿ, 2021ರಲ್ಲಿ, ಸಂಸ್ಥೆಯು ಈ ಕಲ್ಪಿತ ಲೋಕವನ್ನೇ ನಂಬಿ ತನ್ನ ಹೆಸರನ್ನು ಮೆಟಾ ಎಂದು ಬದಲಿಸಿಕೊಂಡಿತ್ತು. ಕಣ್ಣು ನಮ್ಮದಾದರೂ, ಕಾಣುವ ಬಾಗಿಲಿನ ಬೀಗದ ಕೈ ಮಾತ್ರ ಒಬ್ಬ ವರ್ತಕನ ಸೊಂಟದಲ್ಲಿರುವ ಸ್ಥಿತಿ ಇದು. ಗ್ರೀನ್‌ಲಾನ ಕಾಗದಗಳು ಅಲಕ್ಷ್ಯದಿಂದ ನಮ್ಮ ಕೈ ತಪ್ಪಿದುವು. ನಾಳೆಯ ಬಿಂಬಗಳು ಒಪ್ಪಂದದ ಷರತ್ತಿನಿಂದಲೇ ತಪ್ಪಿಹೋಗಬಹುದು.

ಇನ್ನೊಂದು ಚಿಂತೆಯೂ ಉಂಟು. ಯಂತ್ರದ ಕಣ್ಣು ಹೆಸರಾದ ಸ್ಥಳಗಳನ್ನೇ ಮತ್ತೆ ಮತ್ತೆ ನೋಡುತ್ತದೆ. 1336ರಲ್ಲಿ ಸ್ಥಾಪಿತವಾಯಿತೆನ್ನುವ ವಿಜಯನಗರಕ್ಕೆ ಮುಂಚೆ ಈ ಸೀಮೆಯಲ್ಲಿ ತಲೆಯೆತ್ತಿ ನಿಂತಿದ್ದು, 1327ರ ಸುಮಾರಿಗೆ ದೆಹಲಿಯ ತುಘಲಕನ ಸೈನ್ಯಕ್ಕೆ ಬಲಿಯಾದ ಕಂಪಿಲ ರಾಜ್ಯದ ಹೆಸರನ್ನು ಇಂದಿಗೂ ಹೊತ್ತಿರುವ ಕಂಪ್ಲಿಯ ಕಡೆಗೆ ಆ ಕಣ್ಣು ತಿರುಗುವುದು ಅಪರೂಪ. ಆ ರಾಜ್ಯದ ರಾಜಪುತ್ರನಾದ ಕುಮಾರರಾಮನು ಹಾಡಿನಲ್ಲಿ, ಕಥೆಯಲ್ಲಿ, ಸಂಡೂರಿನ ಬೆಟ್ಟಸಾಲಿನ ರಾಮನದುರ್ಗದ ಹೆಸರಿನಲ್ಲಿ ಜನರ ನಾಲಗೆಯ ಮೇಲೆಯೇ ಉಳಿದುಕೊಂಡಿದ್ದಾನೆ. ಅದಿರಿಗಾಗಿ ಅಗೆದ ಸಂಡೂರಿನ ಬೆಟ್ಟಗಳ ಆಕಾರವು ಒಂದೇ ತಲೆಮಾರಿನಲ್ಲಿ ಬದಲಾಯಿತು. 2011ರ ಜುಲೈಯಲ್ಲಿ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ಸರ್ವೋಚ್ಚ ನ್ಯಾಯಾಲಯವು ತಡೆಹಿಡಿಯುವ ಹೊತ್ತಿಗೆ ಎಷ್ಟೋ ಇಳಿಜಾರುಗಳ ಹಸುರು ಕಣ್ಮರೆಯಾಗಿತ್ತು. ಅದೇ ತಿಂಗಳು ವಿರೂಪಾಕ್ಷನ ರಥಬೀದಿಯ ಕಲ್ಲುಮಂಟಪಗಳಲ್ಲಿ ಬಾಳುತ್ತಿದ್ದ ಕುಟುಂಬಗಳನ್ನು ಎಬ್ಬಿಸಿ ಹಂಪೆ ಬಜಾರವನ್ನು ಬರಿದುಮಾಡಲಾಯಿತು. ಸ್ಮಾರಕದ ರಕ್ಷಣೆ ಅಗತ್ಯವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಗ್ರೀನ್‌ಲಾನ ಕಾಗದದಲ್ಲಿ ಜನರು ನಿಲ್ಲದೆ ಹೋದುದು ರಸಾಯನದ ಮಿತಿಯಿಂದ. ನಮ್ಮ ಕಾಲದ ಬಿಂಬಗಳಲ್ಲಿ ಅವರು ಇಲ್ಲದೆ ಹೋದರೆ ಅದು ನಮ್ಮ ಅಪರಾಧವೇ ಸರಿ. ಹೂವು ಮಾರುವವರ ಕೂಗು, ಹರಿಗೋಲು ಹಾಕುವವರ ಮಾತು, ಜಾತ್ರೆಯ ದಿನದ ಧೂಳು ಇವುಗಳಿಲ್ಲದ ಹಂಪೆಯು ಪೂರ್ಣ ಹಂಪೆಯಲ್ಲ.

ವಿ. ಸೀ. ಅವರು ‘ಪಂಪಾಯಾತ್ರೆ’ಯನ್ನು ಬರೆದಾಗ ಹಂಪೆಯನ್ನು ಕಾಣದ ಸಾವಿರಾರು ಕನ್ನಡಿಗರಿಗೆ ಬರಿಯ ಮಾತಿನಿಂದಲೇ ಅದನ್ನು ಕಾಣಿಸಿದರು, ಆ ಗ್ರಂಥವನ್ನು ಓದಲು ಯಾವ ಖಾತೆಯೂ ಬೇಕಾಗಿರಲಿಲ್ಲ, ಊರಿನ ವಾಚನಾಲಯವೊಂದಿದ್ದರೆ ಸಾಕಾಗಿತ್ತು. ಹೊಸ ಯಂತ್ರವನ್ನು ದೂರವಿಡೋಣವೆಂದು ನಾನು ಹೇಳುತ್ತಿಲ್ಲ. ಅದರ ಬಿಂಬವು ಆ ಗ್ರಂಥದ ಹಾಗೆ ಎಲ್ಲರ ಕೈಗೆಟುಕಬೇಕೆಂದು ಬೇಡುತ್ತಿದ್ದೇನೆ. ಹಂಪೆಯ ಅಳತೆಗಳನ್ನೂ ಬಿಂಬಗಳನ್ನೂ ನಮ್ಮ ಸರ್ಕಾರವೂ ವಿಶ್ವವಿದ್ಯಾಲಯವೂ ತಮ್ಮ ಭಂಡಾರದಲ್ಲಿಯೇ ಕಾಪಾಡಲಿ, ಅವು ಯಾವ ಕಂಪೆನಿಯ ಯಂತ್ರದಲ್ಲಾದರೂ ತೆರೆಯುವಂತಿರಲಿ, ವಿವರಣೆ ಕನ್ನಡದಲ್ಲಿರಲಿ, ಕಂಪ್ಲಿಯೂ ಸಂಡೂರೂ ಅದರಲ್ಲಿ ಸೇರಲಿ, ಹೊಸಪೇಟೆಯ ಸರ್ಕಾರಿ ಶಾಲೆಯ ಮಗುವು ಕಾಸು ಕೊಡದೆ ಕಲ್ಲಿನ ರಥವನ್ನು ಅದರ ಇಟ್ಟಿಗೆಯ ಶಿಖರದೊಡನೆ ನೋಡುವಂತಾಗಲಿ. ಈ ಕೆಲಸವನ್ನು ನಾವು ಇಂದೇ ಕೈಗೆತ್ತಿಕೊಳ್ಳಬೇಕು. ಏಕೆಂದರೆ ಒಮ್ಮೆ ಕೈ ತಪ್ಪಿದ ಬಿಂಬವನ್ನು ಮತ್ತೆ ಕಾಣಲು ನಮಗೆ ನೂರಿಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿದಿದೆ.