ಸೈಕಲ್ಲಿನ ಪ್ರಶ್ನೆಗೆ ಊರಿನ ಉತ್ತರ

ಇಂಗ್ಲಿಷ್ ಮಾತಿನ ಪರೀಕ್ಷೆಯಲ್ಲಿ ಸೈಕಲ್ಲಿನ ಬಗೆಗೆ ಕೇಳಿದಾಗ ಅದು ಅಗ್ಗದ ವಾಹನ, ಆರೋಗ್ಯಕ್ಕೆ ಒಳ್ಳೆಯದು ಎಂಬ ಬಾಯಿಪಾಠದ ಉತ್ತರವೇ ಸಾಮಾನ್ಯವಾಗಿ ಬರುತ್ತದೆ. ಆದರೆ ಚಾಮರಾಜನಗರ ಜಿಲ್ಲೆಯ, ಇಂದಿಗೂ ರೈಲು ಕಾಣದ ಗುಂಡ್ಲುಪೇಟೆಯ ವಿದ್ಯಾರ್ಥಿಗೆ ಇದಕ್ಕಿಂತ ಗಟ್ಟಿಯಾದ ಉತ್ತರ ತನ್ನ ಸೀಮೆಯ ಇತ್ತೀಚಿನ ಚರಿತ್ರೆಯಲ್ಲಿಯೇ ಇದೆ.

ಕರ್ನಾಟಕ ಸರ್ಕಾರವು 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿತು. ಎಂಟನೆಯ ತರಗತಿಯನ್ನೇ ಆರಿಸಿದ್ದಕ್ಕೆ ಅರ್ಥವಿತ್ತು: ಏಳರವರೆಗಿನ ಹಿರಿಯ ಪ್ರಾಥಮಿಕ ಶಾಲೆ ಊರಲ್ಲೋ ಪಕ್ಕದೂರಲ್ಲೋ ದೊರೆತರೂ, ಪ್ರೌಢಶಾಲೆಗಾಗಿ ಅನೇಕರು ಹೋಬಳಿಯ, ಅಂದರೆ ಹಲವು ಗ್ರಾಮಗಳನ್ನು ಕೂಡಿಸಿದ ಕಂದಾಯ ಘಟಕದ, ಕೇಂದ್ರಕ್ಕೆ ಹೋಗಬೇಕಿತ್ತು, ಹೆಣ್ಣುಮಕ್ಕಳ ಓದು ಎಷ್ಟೋ ಸಲ ಆ ದೂರದಲ್ಲಿಯೇ ನಿಂತುಹೋಗುತ್ತಿತ್ತು. ಹಾಸ್ಟೆಲಿನಲ್ಲಿದ್ದವರಿಗೂ ಬಸ್ ಪಾಸ್ ಪಡೆದವರಿಗೂ ಸೈಕಲ್ ಇರಲಿಲ್ಲ. 2007-08ರಲ್ಲಿ ಸರ್ಕಾರಿ ಶಾಲೆಗಳು ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸತೊಡಗಿದ್ದರಿಂದ, ಸೈಕಲ್ಲೂ ಇಂಗ್ಲಿಷೂ ಹಳ್ಳಿಯ ಮಕ್ಕಳಿಗೆ ಹೆಚ್ಚುಕಡಿಮೆ ಒಟ್ಟಿಗೇ ಬಂದವೆನ್ನಬೇಕು. ಈ ಎರಡನ್ನೂ ಬೆಸೆದು, ಮನೆಯಿಂದ ಶಾಲೆಗಿರುವ ದೂರವನ್ನು ಹೇಳುವ ನಾಲ್ಕು ಸರಳ ವಾಕ್ಯಗಳು ಬಾಯಿಪಾಠದ ಪುಟಕ್ಕಿಂತ ಮೇಲು. ಆದರೆ ಆ ಯೋಜನೆಯ ಸೈಕಲ್ ವಿತರಣೆ ಕೋವಿಡ್ ಕಾಲದ 2020-21ರಿಂದ ನಿಂತಿತು.